ಬಿಲ್ಲಿಂಗ್ ಕೌಂಟರ್ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರಿಗೆ ಹಾಗೂ ಷೇರುದಾರ ಸದಸ್ಯರಿಗೆ,

ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘದ ದಾವಣಗೆರೆ ಮಳಿಗೆಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಗುತ್ತದೆ. ಬಿಲ್ಲು ಕನ್ನಡದಲ್ಲಿ ಬರುತ್ತದೆ, ನಿಮ್ಮ ಕಡೆಗೆ ಮುಖ ಮಾಡಿದ ಒಂದು ಪರದೆ ಇರುತ್ತದೆ. ಇದ್ದ ಕಂಪ್ಯೂಟರ್ ಕೆಟ್ಟಿರಲಿಲ್ಲವಲ್ಲ, ಈ ಖರ್ಚು ಯಾಕೆ ಎಂದು ಸದಸ್ಯರು ಕೇಳುವುದು ನ್ಯಾಯವೇ.

ಹಬ್ಬದ ಮುಂದೆ ಸಾಲು ಬೆಳೆದಾಗಲೆಲ್ಲ ‘ಬಿಲ್ ಹಾಕೋರು ನಿಧಾನ’ ಎಂಬ ಮಾತು ಕೇಳಿಬರುತ್ತಿತ್ತು. ಆಡಳಿತ ಮಂಡಳಿ ಅದನ್ನು ಹಾಗೇ ಒಪ್ಪಲಿಲ್ಲ. ‘ಕಂಪ್ಯೂಟರ್ ಹೇಗಿದೆ?’ ಎಂದು ಕೇಳಿದರೆ ಸಿಬ್ಬಂದಿ ‘ಚೆನ್ನಾಗಿದೆ ಸಾರ್’ ಅಂದೇ ಅನ್ನುತ್ತಾರೆ. ಹಾಗಾಗಿ ಕೇಳುವುದನ್ನು ಬಿಟ್ಟು, ಅವರ ಪಕ್ಕದಲ್ಲಿ ನಿಂತು ನೋಡಿದೆವು. ಒಂದು ವ್ಯವಸ್ಥೆ ಬಳಸಲು ಸುಲಭವೋ ಅಲ್ಲವೋ ಎಂದು ಅಳೆಯಲು ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದು ಮೂರನ್ನು ನೋಡು ಎನ್ನುತ್ತದೆ: ಕೆಲಸ ಸರಿಯಾಗಿ ಮುಗಿಯಿತೇ, ಅದಕ್ಕೆ ಎಷ್ಟು ಹೊತ್ತು ಮತ್ತು ಶ್ರಮ ಹಿಡಿಯಿತು, ಮಾಡಿದವರಿಗೆ ಸಮಾಧಾನವಾಯಿತೇ. ಇದಕ್ಕೆ ನೂರಾರು ಜನ ಬೇಕಿಲ್ಲ. ಸುಮಾರು 5 ಜನ ಕೆಲಸ ಮಾಡುವುದನ್ನು ಗಮನವಿಟ್ಟು ನೋಡಿದರೆ ಹೆಚ್ಚಿನ ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂದು ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದಾರೆ. ನಮ್ಮಲ್ಲೂ ಹಾಗೇ ಆಯಿತು.

ಪೊಟ್ಟಣದ ಸಾಮಾನಿಗೆ ಬಾರ್‌ಕೋಡ್ ಇದೆ, ಅಲ್ಲಿ ತಕರಾರಿಲ್ಲ. ಕಷ್ಟವೆಲ್ಲ ಬಿಡಿ ಸಾಮಾನಿನಲ್ಲಿ. ನೀವು ‘ಹುರಿಗಡಲೆ’ ಅನ್ನುತ್ತೀರಿ; ಪಟ್ಟಿಯಲ್ಲಿ ಅದಕ್ಕಿದ್ದದ್ದು ಇಂಗ್ಲಿಷ್ ಹೆಸರು, ಅದೂ ಅರ್ಧಕ್ಕೆ ತುಂಡಾದದ್ದು. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಎಲ್ಲ ಒಂದೇ ಥರದ ಅಕ್ಷರಗಳಲ್ಲಿ ಸಾಲಾಗಿ ನಿಂತಿದ್ದವು. ತೂಕದ ಜಾಗದಲ್ಲಿ ಅರ್ಧ ಕೆಜಿಗೆ 0.5 ಎಂದು ಹೊಡೆಯಬೇಕು. ಅವಸರದಲ್ಲಿ 500 ಹೊಡೆದರೆ 500 ಕೆಜಿ ಜೀರಿಗೆಗೂ ಕಂಪ್ಯೂಟರ್ ಮರುಮಾತಿಲ್ಲದೆ ಬಿಲ್ ಮಾಡುತ್ತಿತ್ತು! ಆಮೇಲೆ ನೀವು ‘ಇದೊಂದು ಬೇಡ, ತೆಗೀರಿ’ ಅಂದರೆ ಮ್ಯಾನೇಜರ್ ಗೋಡೌನಿನಿಂದ ಬಂದು ಪಾಸ್‌ವರ್ಡ್ ಹಾಕಬೇಕು. ಅಲ್ಲಿಯವರೆಗೆ ಇಡೀ ಸಾಲು ನಿಲ್ಲಬೇಕು. ಇಂಥ ಕಡೆ ನಮ್ಮ ಹುಡುಗಿಯರನ್ನು ನಿಧಾನ ಅನ್ನುವುದು ಅನ್ಯಾಯ.

ಹೊಸದರಲ್ಲಿ ಬಿಡಿ ಸಾಮಾನಿಗೆಲ್ಲ ಚಿತ್ರ ಮತ್ತು ಕನ್ನಡ ಹೆಸರಿನ ಗುಂಡಿಗಳಿವೆ. ಹೆಚ್ಚು ಹೋಗುವ ಸೋನಾ ಮಸೂರಿ, ಮಂಡಕ್ಕಿ, ತೊಗರಿಬೇಳೆ ಮೊದಲ ಪುಟದಲ್ಲೇ ಸಿಗುತ್ತವೆ. ತೂಕ ತಕ್ಕಡಿಯಿಂದ ನೇರವಾಗಿ ಬಿಲ್ಲಿಗೆ ಹೋಗುತ್ತದೆ, ಯಾರೂ ಹೊಡೆಯಬೇಕಿಲ್ಲ. ದುಡ್ಡು ಕೊಡುವ ಮೊದಲು ಸಾಮಾನು ತೆಗೆಯಬೇಕೆಂದರೆ ಕೌಂಟರಿನವರೇ ತೆಗೆಯಬಹುದು. ಯಾರು, ಯಾವಾಗ ತೆಗೆದರು ಎಂಬುದು ಲೆಕ್ಕದಲ್ಲಿ ಉಳಿಯುತ್ತದೆ. ಎಂಆರ್‌ಪಿ ಎಷ್ಟು, ನಾವು ಹಾಕಿದ ದರ ಎಷ್ಟು ಎಂಬುದು ನಿಮ್ಮ ಕಡೆಯ ಪರದೆಯಲ್ಲಿ ಸಾಮಾನು ಸಾಮಾನಿಗೂ ಕಾಣುತ್ತದೆ. ದಯವಿಟ್ಟು ಅದನ್ನು ನೋಡುತ್ತಿರಿ, ತಪ್ಪು ಕಂಡರೆ ಅಲ್ಲೇ ಹೇಳಿ.

ಒಂದು ವಿಷಯ ಮೊದಲೇ ತಿಳಿಸುತ್ತೇವೆ. ನಮ್ಮ ಬಿಲ್ ಪ್ರಿಂಟರಿನೊಳಗೆ ಕನ್ನಡ ಅಕ್ಷರಗಳಿಲ್ಲ. ಅದಕ್ಕೆ ಇಡೀ ಬಿಲ್ಲನ್ನು ಚಿತ್ರದಂತೆ ಕಳಿಸಿ ಅಚ್ಚು ಹಾಕಬೇಕಾಗುತ್ತದೆ. ಇದರಿಂದ ಬಿಲ್ಲು ಹೊರಬರಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಉದ್ದವೂ ಆಗುತ್ತದೆ. ಮನೆಗೆ ಹೋಗಿ ಅಜ್ಜಿಯೂ ಓದಿ ಲೆಕ್ಕ ನೋಡುವಂಥ ಬಿಲ್ಲು ಸಿಗುವುದಾದರೆ ಅಷ್ಟು ಕಾಯಬಹುದು ಎಂಬುದು ಮಂಡಳಿಯ ತೀರ್ಮಾನ.

ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದಿಲ್ಲ. ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಗಳಿಗೆ ತಿಳಿಸಿದೆ. ಹಳೆಯ ಸಾಫ್ಟ್‌ವೇರ್ ನಂಬರ್ ಇಲ್ಲದೆ ಮುಂದಕ್ಕೇ ಹೋಗುತ್ತಿರಲಿಲ್ಲ, ಹೊಸದು ಹೋಗುತ್ತದೆ. ನಗದು, ಯುಪಿಐ ಎರಡೂ ಎಂದಿನಂತೆ ನಡೆಯುತ್ತವೆ. ಸದಸ್ಯತ್ವದ ಸಂಖ್ಯೆ, ಪಾಸ್‌ಬುಕ್ಕಿನ ಬಾಕಿ ಯಾವುದೂ ಬದಲಾಗುವುದಿಲ್ಲ.

ಶುರುವಿನ ದಿನಗಳಲ್ಲಿ ಒಂದು ಕೌಂಟರ್ ಹಳೆಯ ಕ್ರಮದಲ್ಲೇ ಇರುತ್ತದೆ. ಅವಸರವಿದ್ದವರು ಅಲ್ಲಿ ನಿಲ್ಲಬಹುದು. ಅದಕ್ಕೂ ಮೊದಲು ಹೊಸ ಪರದೆಯನ್ನು ನೋಡಿ, ಅಕ್ಷರ ಸಾಕಷ್ಟು ದೊಡ್ಡದಿದೆಯೇ, ಬಿಲ್ಲು ಅರ್ಥವಾಗುತ್ತದೆಯೇ ಎಂದು ಹೇಳುವವರು ನಮಗೆ ಬೇಕು. ಅದರಲ್ಲೂ ಹಿರಿಯರು, ಕನ್ನಡಕ ಹಾಕುವವರು ಬಂದರೆ ಬಹಳ ಉಪಕಾರ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಳಿಗೆಯಲ್ಲಿ ಗದ್ದಲವಿರುವುದಿಲ್ಲ. ಆ ಹೊತ್ತಿಗೆ ಬಂದು ಕೌಂಟರಿನಲ್ಲಿ ಹೆಸರು ಹೇಳಿ, ಕೂರಿಸಿ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ದಾವಣಗೆರೆ