ಅರ್ಧ ಉಳಿದ ಬಾಟಲಿ ನಾಳಿನ ಊಟಕ್ಕೂ ಬರುತ್ತದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ವಿಹಾರ ಹಡಗಿನ ಪ್ರವಾಸವನ್ನು ಕುರಿತು ಬಂದ ಲೇಖನವನ್ನು ಓದಿದೆ. ವೀಸಾ, ಬಂದರುಗಳು, ಕ್ಯಾಬಿನ್ನಿನ ಆಯ್ಕೆ ಇವುಗಳ ಬಗ್ಗೆ ಲೇಖಕರು ಕೊಟ್ಟಿರುವ ವಿವರಗಳು ಉಪಯುಕ್ತವಾಗಿವೆ. ಆದರೆ ರಾತ್ರಿಯ ಊಟಕ್ಕೆ ವೈನ್ ಬಾಟಲಿ ತರಿಸಿದವರು ಅದನ್ನು ಅಂದೇ ಮುಗಿಸಬೇಕಾಗುತ್ತದೆ, ಇಲ್ಲವಾದರೆ ಕೊಟ್ಟ ಹಣ ದಂಡ, ಆದ್ದರಿಂದ ಗ್ಲಾಸಿನ ಲೆಕ್ಕದಲ್ಲಿಯೇ ಕೊಳ್ಳುವುದು ಲೇಸು ಎಂದು ಅವರು ಬರೆದಿರುವುದು ಸರಿಯಲ್ಲ. ಈ ಮಾತನ್ನು ನಂಬಿ ಹೊರಟವರು ಒಂದೋ ಹೆಚ್ಚು ಹಣ ತೆರುತ್ತಾರೆ, ಇಲ್ಲವೇ ಹೆಚ್ಚು ಕುಡಿಯುತ್ತಾರೆ. ಎರಡೂ ಬೇಡವೆಂದು ಈ ಪತ್ರ ಬರೆಯುತ್ತಿದ್ದೇನೆ. ಮದ್ಯದ ಮಾತೇ ಬೇಡವೆನ್ನುವ ಓದುಗರು ಪಕ್ಕದ ಪತ್ರಕ್ಕೆ ಹೋಗಬಹುದು, ನನಗೆ ಬೇಸರವಿಲ್ಲ.

ಮಗಳು ಮತ್ತು ಅಳಿಯನ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನಮ್ಮ ಮನೆಯವರೂ ಬಾರ್ಸಿಲೋನಾದಿಂದ ಹೊರಟು ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿ ಸುತ್ತಿ ಬರುವ ಹಡಗೊಂದರಲ್ಲಿ ಪ್ರಯಾಣ ಮಾಡಿದ್ದೆವು. ಮೊದಲ ರಾತ್ರಿ ನಮ್ಮ ಮೇಜಿಗೆ ಒಂದು ಬಾಟಲಿ ಕೆಂಪು ವೈನ್ ಬಂತು. ಬಾಟಲಿಯೆಂದರೆ 750 ಮಿ.ಲೀ., ಅಂದರೆ 150 ಮಿ.ಲೀ.ನ ಐದು ಗ್ಲಾಸು. ಮಗಳು ಒಂದು, ಅಳಿಯ ಒಂದು, ನಾನು ಅರ್ಧ. ನಮ್ಮ ಮನೆಯವರು ಮೂಸಿ ನೋಡಿ ಗ್ಲಾಸನ್ನು ಮೊದಲಿದ್ದ ಜಾಗಕ್ಕೇ ಸರಿಸಿದರು. ಸರಿಯಾಗಿ ಅರ್ಧ ಬಾಟಲಿ ಉಳಿಯಿತು. ಕೊಪ್ಪಳದವನಾದ ನಮ್ಮ ಅಳಿಯ, "ಮಾವಾರ, ರೊಕ್ಕ ಕೊಟ್ಟೀವಿ, ಹಂಗ ಬಿಡೋದು ಬ್ಯಾಡ, ಇನ್ನೊಂದೀಟು ಹಾಕ್ಕೊಳ್ರಿ" ಎಂದು ನನ್ನ ಗ್ಲಾಸಿಗೆ ಬಾಟಲಿ ಬಗ್ಗಿಸುವಷ್ಟರಲ್ಲಿ, ಬಡಿಸುತ್ತಿದ್ದ ಹುಡುಗ ನಗುತ್ತಾ ಅದನ್ನು ಮೆಲ್ಲಗೆ ತೆಗೆದುಕೊಂಡು, ಬಿರಡೆಯನ್ನು ಅಂಗೈಯಿಂದ ಒತ್ತಿ ಕೂರಿಸಿ, ಜೇಬಿನಿಂದ ಒಂದು ಚೀಟಿ ತೆಗೆದು ನಮ್ಮ ಕ್ಯಾಬಿನ್ ಸಂಖ್ಯೆ ಮತ್ತು ತಾರೀಖು ಬರೆದು ಬಾಟಲಿಯ ಕತ್ತಿಗೆ ಅಂಟಿಸಿಕೊಂಡು ಹೋದ. ಮರುದಿನ ರಾತ್ರಿ ನಾವು ಹೋಗಿ ಕೂರುವ ಮೊದಲೇ ಅದು ಮೇಜಿನ ಮೇಲಿತ್ತು. ಇದಕ್ಕೆ ಬೇರೆ ಶುಲ್ಕವಿಲ್ಲ, ಯಾರ ಶಿಫಾರಸೂ ಬೇಕಿಲ್ಲ.

ಹಡಗಿನವರಿಗೆ ಇದು ಹೊಸ ಸಂಗತಿಯಲ್ಲ, ದಿನನಿತ್ಯದ ಕೆಲಸ. ಅದೇ ಜನ ಏಳೆಂಟು ರಾತ್ರಿ ಅದೇ ಭೋಜನಶಾಲೆಗೆ ಬರುವುದರಿಂದ ಉಳಿದ ಬಾಟಲಿಯನ್ನು ಕಾದಿಡುವ ವ್ಯವಸ್ಥೆ ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾಗಿದೆ. ಒಂದು ರಾತ್ರಿ ಬೇರೆ ರೆಸ್ಟೋರೆಂಟಿನಲ್ಲಿ ಊಟ ಮಾಡುವುದಾದರೆ ಬಾಟಲಿಯನ್ನು ಅಲ್ಲಿಗೆ ತರಿಸಿಕೊಳ್ಳಬಹುದು, ಆದರೆ ಮಧ್ಯಾಹ್ನವೇ ಹೇಳಿರಬೇಕು. ಊಟಕ್ಕೆ ಕುಳಿತ ಮೇಲೆ ಹೇಳಿದರೆ ಅದು ಬರುವಷ್ಟರಲ್ಲಿ ಐಸ್‌ಕ್ರೀಮ್ ಬಂದಿರುತ್ತದೆ. ಬೇಕೆಂದರೆ ಬಾಟಲಿಯನ್ನು ಕ್ಯಾಬಿನ್ನಿಗೂ ಒಯ್ಯಬಹುದು. ಮನೆಯಿಂದ ಅಥವಾ ಬಂದರಿನಿಂದ ತಂದ ವೈನಿನ ವಿಷಯದಲ್ಲಿ ಮಾತ್ರ ಒಂದೊಂದು ಕಂಪನಿಯ ನಿಯಮ ಒಂದೊಂದು ಬಗೆ. ಹಡಗು ಹತ್ತುವಾಗ ವಯಸ್ಕರಿಗೆ ತಲಾ ಒಂದು ಬಾಟಲಿ ತರಲು ಬಿಡುವವರಿದ್ದಾರೆ, ಅದನ್ನು ಭೋಜನಶಾಲೆಯಲ್ಲಿ ತೆರೆದರೆ ಬಿರಡೆ ತೆಗೆಯುವ ಶುಲ್ಕ ಹಾಕುವವರಿದ್ದಾರೆ. ಆ ಶುಲ್ಕವನ್ನು ಒಮ್ಮೆ ಕೊಟ್ಟ ಮೇಲೆ ಉಳಿದದ್ದನ್ನು ಚೀಟಿ ಅಂಟಿಸಿ ಇಡುವಂತೆ ಕೇಳಲು ಸಂಕೋಚಪಡಬೇಕಿಲ್ಲ.

ಗ್ಲಾಸಿನ ಲೆಕ್ಕ ಲೇಸೆಂಬ ಮಾತನ್ನೂ ಪರೀಕ್ಷಿಸಬೇಕು. ಹಡಗಿನ ಪಟ್ಟಿಯಲ್ಲಿ ಸಾಧಾರಣವಾಗಿ ನಾಲ್ಕು ಗ್ಲಾಸಿನ ಬೆಲೆಗೆ ಒಂದು ಬಾಟಲಿ ಸಿಗುತ್ತದೆ, ಐದನೆಯ ಗ್ಲಾಸು ಲಾಭ. ಅದರ ಮೇಲೆ ಪಾನೀಯಗಳಿಗೆ ಸೇವಾಶುಲ್ಕವೆಂದು ಶೇಕಡಾ 18 ಅಥವಾ ಅದಕ್ಕಿಂತ ಹೆಚ್ಚು ಸೇರಿಸುವುದು ಹಲವು ಹಡಗುಗಳ ಪದ್ಧತಿಯಾದ್ದರಿಂದ ಪ್ರತಿ ಗ್ಲಾಸಿನ ದುಬಾರಿಯೂ ಅಷ್ಟಷ್ಟು ಬೆಳೆಯುತ್ತದೆ. ಮೂರು ರಾತ್ರಿಗೆ ಎರಡು ಬಾಟಲಿ ನಮ್ಮ ನಾಲ್ವರಿಗೆ ಧಾರಾಳವಾಯಿತು.

ಆದರೂ ಒಂದು ಎಡವಟ್ಟನ್ನು ಮುಚ್ಚಿಡುವುದು ಸರಿಯಲ್ಲ. ನಾಲ್ಕನೆಯ ರಾತ್ರಿ ನಮ್ಮ ಮೇಜಿಗೆ ಅದೇ ಹೆಸರಿನ, ಅದೇ ಬಣ್ಣದ ಬಾಟಲಿ ಬಂತು. ಅಳಿಯ ಗ್ಲಾಸು ಮುಂದೆ ಹಿಡಿದಿದ್ದ. ಆಗ ಒಂದು ಹನಿಯನ್ನೂ ಕುಡಿಯದ ನಮ್ಮ ಮನೆಯವರು, "ನಮ್ಮದು ಲೇಬಲ್ಲಿನ ಮೇಲಂಚಿಗೆ ಇತ್ತಲ್ಲ, ಇದು ಎರಡು ಬೆರಳು ಮೇಲಿದೆ" ಎಂದರು. ಚೀಟಿ ನೋಡಿದರೆ ಕ್ಯಾಬಿನ್ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಅದಲುಬದಲಾಗಿದ್ದವು. ನಾಲ್ಕು ಮೇಜು ಆಚೆ ವಯಸ್ಸಾದ ದಂಪತಿಗಳು ನಮ್ಮ ಬಾಟಲಿಯನ್ನು ಅನುಮಾನದಿಂದ ತಿರುಗಿಸಿ ನೋಡುತ್ತಿದ್ದರು. ಮನೆಯಲ್ಲಿ ಎಣ್ಣೆ ಡಬ್ಬಿಯ ಮಟ್ಟವನ್ನು ಕಣ್ಣಳತೆಯಲ್ಲಿ ನೆನಪಿಡುವವರಿಗೆ ಇದು ದೊಡ್ಡ ವಿದ್ಯೆಯಲ್ಲ. ಉಳಿದವರು ಬಾಟಲಿ ಹೋಗುವ ಮುನ್ನ ಚೀಟಿಯನ್ನು ತಾವೇ ಓದಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕು.

ಇನ್ನು ತೆರೆದ ವೈನ್ ಕೆಟ್ಟುಹೋಗುತ್ತದೆಂಬ ಭಯದ ಬಗ್ಗೆ, ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಾಗಿ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ. ಕೆಡುವುದು ನಿಜ, ಆದರೆ ಗಡಿಯಾರ ನೋಡಿಕೊಂಡು ಒಂದೇ ರಾತ್ರಿಯಲ್ಲಿ ಕೆಡುವುದಿಲ್ಲ. ಬಿರಡೆ ತೆಗೆದ ಕ್ಷಣದಿಂದ ಗಾಳಿಯ ಆಮ್ಲಜನಕ ವೈನಿನ ಪರಿಮಳವನ್ನೂ ಬಣ್ಣವನ್ನೂ ನಿಧಾನವಾಗಿ ತಿನ್ನತೊಡಗುತ್ತದೆ. ಅದರ ಹಿಂದೆಯೇ ಕೆಲವು ಬ್ಯಾಕ್ಟೀರಿಯಾಗಳು ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿ, ಅಂದರೆ ವಿನೆಗರ್ ಆಗಿ ಮಾರ್ಪಡಿಸುತ್ತವೆ. ವೈನ್ ಹುಳಿಯಾಗುವುದು ಸೂಕ್ಷ್ಮಜೀವಿಗಳ ಕೆಲಸವೆಂಬುದನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಈ ಬ್ಯಾಕ್ಟೀರಿಯಾಗಳಿಗೂ ಗಾಳಿ ಬೇಕೇಬೇಕು. ಆದ್ದರಿಂದ ಮಾಡಬೇಕಾದದ್ದು ಎರಡೇ ಕೆಲಸ, ಗಾಳಿಯನ್ನು ಕಡಿಮೆ ಮಾಡುವುದು ಮತ್ತು ಬಾಟಲಿಯನ್ನು ತಣ್ಣಗಿಡುವುದು. ಬೇಸಿಗೆಯಲ್ಲಿ ಬೆಳಿಗ್ಗೆ ಕಡೆದ ಮಜ್ಜಿಗೆ ಬಳ್ಳಾರಿಯ ಅಡುಗೆಮನೆಯ ಕಟ್ಟೆಯ ಮೇಲೆ ಸಂಜೆಗೆ ಹಲ್ಲು ಚಳ್ಳೆನ್ನುವಷ್ಟು ಹುಳಿಯಾಗುವುದನ್ನೂ, ಅದೇ ಮಜ್ಜಿಗೆ ಫ್ರಿಜ್ಜಿನಲ್ಲಿ ಮರುದಿನಕ್ಕೂ ಸಿಹಿಯಾಗಿರುವುದನ್ನೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ನಾವು ತರಗತಿಯಲ್ಲಿ ಹೇಳುತ್ತಿದ್ದ ಸ್ಥೂಲ ಲೆಕ್ಕ. ಹಾಗೆ ನೋಡಿದರೆ 40 ಡಿಗ್ರಿಯ ಕೋಣೆಗೂ 5 ಡಿಗ್ರಿಯ ಫ್ರಿಜ್ಜಿಗೂ ನಡುವೆ ಹತ್ತು ಪಟ್ಟಿನ ಅಂತರವಿದೆ.

ಅರ್ಧ ಖಾಲಿಯಾದ ಬಾಟಲಿಯಲ್ಲಿ 375 ಮಿ.ಲೀ. ಗಾಳಿ ಸೇರಿರುತ್ತದೆ, ಅದರಲ್ಲಿ ಆಮ್ಲಜನಕವೇ 80 ಮಿ.ಲೀ.ಗೆ ಹತ್ತಿರ. ಉಳಿದ ವೈನನ್ನು 375 ಮಿ.ಲೀ.ನ ಸ್ವಚ್ಛವಾದ ಸಣ್ಣ ಬಾಟಲಿಗೆ ಕಂಠಮಟ್ಟ ತುಂಬಿ ಮುಚ್ಚಿದರೆ ಆ ಗಾಳಿಗೆ ಜಾಗವೇ ಇರುವುದಿಲ್ಲ. ಅಂಗಡಿಯಲ್ಲಿ ಮಾರುವ ಗಾಳಿ ಎಳೆಯುವ ಪಂಪಿಗಿಂತ ಇದು ಅಗ್ಗ, ನನ್ನ ಅನುಭವದಲ್ಲಿ ಮೇಲು ಕೂಡ. ತೆರೆದ ಬಾಟಲಿಯನ್ನು ಮಲಗಿಸಬಾರದು, ನಿಲ್ಲಿಸಬೇಕು, ಏಕೆಂದರೆ ನಿಂತ ಬಾಟಲಿಯಲ್ಲಿ ಗಾಳಿಗೆ ತಾಗುವ ಮೇಲ್ಮೈ ಚಿಕ್ಕದು. ಕೆಂಪು ವೈನನ್ನೂ ಫ್ರಿಜ್ಜಿನಲ್ಲಿಯೇ ಇಡಬೇಕು. ಹಡಗಿನಲ್ಲಿ ಅದು ತಣ್ಣಗೆ ಕೊರೆಯುತ್ತಾ ಮೇಜಿಗೆ ಬಂದರೆ ಗಾಬರಿಯಾಗದೆ, ಸೂಪ್ ಮುಗಿಯುವವರೆಗೆ ಹಾಗೆಯೇ ಬಿಟ್ಟರೆ ಹದಕ್ಕೆ ಬರುತ್ತದೆ. ಹೀಗೆ ಇಟ್ಟ ಬಿಳಿ ಮತ್ತು ಕೆಂಪು ವೈನ್ ಮೂರರಿಂದ ಐದು ದಿನ ಚೆನ್ನಾಗಿರುತ್ತದೆ. ಒಗರು ಹೆಚ್ಚಿರುವ ಗಟ್ಟಿ ಕೆಂಪು ವೈನ್ ಎರಡನೆಯ ದಿನ ಇನ್ನಷ್ಟು ಮೆತ್ತಗಾಗಿ ಹಿತವೆನಿಸುವುದೂ ಉಂಟು. ನೊರೆಯುಕ್ಕುವ ಶಾಂಪೇನ್ ಜಾತಿಯದ್ದನ್ನು ಮಾತ್ರ ಹೆಚ್ಚು ನಂಬುವಂತಿಲ್ಲ. ಅದಕ್ಕೆ ಕೊಕ್ಕೆಯಿರುವ ಬೇರೆಯದೇ ಬಿರಡೆ ಬೇಕು, ಸಾಧಾರಣ ಬಿರಡೆ ಒಳಗಿನ ಒತ್ತಡಕ್ಕೆ ಹಾರಿಹೋಗುತ್ತದೆ. ಬಾಟಲಿಯ ಬಾಯಿಗೆ ಬೆಳ್ಳಿಯ ಚಮಚ ಇಳಿಬಿಟ್ಟರೆ ನೊರೆ ಉಳಿಯುತ್ತದೆಂದು ಹೇಳುವವರ ಮಾತನ್ನು ನಂಬಬೇಡಿ.

ಹಡಗಿಗೂ ವೈನಿಗೂ ಹಳೆಯ ನಂಟು. ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದ ವೈನ್ ಪೀಪಾಯಿಗಳಲ್ಲಿ ಉಷ್ಣವಲಯದ ಸಮುದ್ರ ದಾಟಿ, ತಿಂಗಳುಗಟ್ಟಲೆ ಬಿಸಿಲಲ್ಲಿ ಬೆಂದು ರುಚಿ ಹೆಚ್ಚಿಸಿಕೊಂಡದ್ದನ್ನು ಕಂಡ ವ್ಯಾಪಾರಿಗಳು, ಬೇಕೆಂದೇ ಅದನ್ನು ಹಡಗೇರಿಸಿ ಸುತ್ತಿಸಿ ತರುತ್ತಿದ್ದ ಕಾಲವೊಂದಿತ್ತು. ಆ ವೈನ್ ತೆರೆದಿಟ್ಟರೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇರೆ ಯಾವ ವೈನಿಗೂ ಬಳ್ಳಾರಿಯ ಮೇ ತಿಂಗಳನ್ನು ತೋರಿಸಬಾರದು.

ಈ ಮಾತಿಗೆ ನಮ್ಮ ಕಡೆಯ ಹೋಟೆಲುಗಳ ವಿಷಯವೂ ಸೇರುತ್ತದೆ. ಹಡಗಿನಿಂದ ಬಂದ ಮೇಲೆ, ಸಂಕ್ರಾಂತಿಯ ಸಮಯದಲ್ಲಿ ಬಂದ ನೆಂಟರನ್ನು ಹಂಪಿಗೆ ಕರೆದೊಯ್ದಿದ್ದಾಗ ಆ ಭಾಗದ ಹೋಟೆಲೊಂದರಲ್ಲಿ ಒಂದು ಗ್ಲಾಸು ಕೆಂಪು ವೈನ್ ಕೇಳಿದೆ. ಬಂದದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದ ವಿನೆಗರ್. ಮೂಗಿನ ಹತ್ತಿರ ತಂದಾಗಲೇ ಕಣ್ಣಲ್ಲಿ ನೀರು ಬಂತು. ಬಾಟಲಿ ಯಾವಾಗ ತೆರೆದದ್ದೆಂದು ಕೇಳಿದಾಗ ಹುಡುಗ ಕೌಂಟರಿಗೆ ಹೋಗಿ ವಿಚಾರಿಸಿಕೊಂಡು ಬಂದು, ದಸರಾ ರಜೆಗೆ ಬಂದಿದ್ದ ಯಾರಿಗೋ ತೆರೆದದ್ದು ಸಾರ್ ಎಂದು ಪ್ರಾಮಾಣಿಕವಾಗಿಯೇ ಹೇಳಿದ. ಬಾಟಲಿ ಅಷ್ಟು ದಿನವೂ ಕೌಂಟರಿನ ಹಿಂದಿನ ಗಾಜಿನ ಕಪಾಟಿನಲ್ಲಿ, ಬಲ್ಬಿನ ಕೆಳಗೆ ನಿಂತಿತ್ತು. ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಆನೆಗೊಂದಿ, ಸಣಾಪುರ, ಹೊಸಪೇಟೆಗಳಲ್ಲಿ ಎರಡು ಮೂರು ರಾತ್ರಿ ತಂಗುವ ಪ್ರವಾಸಿಗರಿಗೂ ಹಡಗಿನ ಪ್ರಯಾಣಿಕರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ: ಇಂದು ಉಂಡವರು ನಾಳೆಯೂ ಅಲ್ಲಿಯೇ ಉಣ್ಣುತ್ತಾರೆ. ಮದ್ಯ ಮಾರಲು ಸಿಎಲ್-7 ಎಂಬ ಅಬಕಾರಿ ಪರವಾನಗಿ ಪಡೆದ ವಸತಿ ಹೋಟೆಲುಗಳು ಉಳಿದ ಬಾಟಲಿಗೆ ಕೋಣೆಯ ಸಂಖ್ಯೆಯನ್ನೂ ತೆರೆದ ತಾರೀಖನ್ನೂ ಬರೆದು ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟರೆ, ಅತಿಥಿ ಬಾಟಲಿ ಕೊಳ್ಳಲು ಹಿಂಜರಿಯುವುದಿಲ್ಲ. ಗ್ಲಾಸಿನ ಲೆಕ್ಕದಲ್ಲಿ ಮಾರುವ ಬಾಟಲಿಯ ಮೇಲೂ ಅದೇ ತಾರೀಖು ಇದ್ದರೆ ದಸರಾದ ವೈನನ್ನು ಸಂಕ್ರಾಂತಿಗೆ ಬಡಿಸುವ ಪ್ರಮೇಯ ಬರುವುದಿಲ್ಲ. ಇದಕ್ಕೆ ಬೇಕಾಗಿರುವುದು ಒಂದು ಪೆನ್ನು ಮತ್ತು ಒಂದು ಚೀಟಿ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದದ್ದು ಬೆಳೆಗಾರರಿಗೆ ಒಳ್ಳೆಯ ಬೆಲೆ ಸಿಗಲೆಂದು. ಕೊಪ್ಪಳ ಜಿಲ್ಲೆಯಲ್ಲಿ ದ್ರಾಕ್ಷಿ ಬೆಳೆಯುವವರೂ ಇದ್ದಾರೆ. ಹಾಳಾದ ಗ್ಲಾಸನ್ನು ಒಮ್ಮೆ ಬಾಯಿಗಿಟ್ಟವರು ಹೋಟೆಲನ್ನು ಬೈಯುವುದಿಲ್ಲ, ನಮ್ಮ ನಾಡಿನ ವೈನೇ ಹೀಗೆಂದು ಬೈದು ಹೋಗುತ್ತಾರೆ.

ಪುರವಣಿಯ ಲೇಖನವನ್ನು ಕತ್ತರಿಸಿ ಇಟ್ಟುಕೊಂಡು ಪ್ರವಾಸಕ್ಕೆ ಹೊರಡುವ ಓದುಗರು ಇರುತ್ತಾರೆ, ನಮ್ಮ ಮನೆಯಲ್ಲಿಯೇ ಒಬ್ಬರಿದ್ದಾರೆ. ಆದ್ದರಿಂದ ಮುಂದಿನ ಭಾನುವಾರದ ಸಂಚಿಕೆಯಲ್ಲಿ, ಉಳಿದ ಬಾಟಲಿಯನ್ನು ಹಡಗಿನವರು ಮರುದಿನಕ್ಕೆ ಕಾದಿಡುತ್ತಾರೆ, ಕೊನೆಯ ರಾತ್ರಿ ಮಾತ್ರ ಮರೆಯದೆ ಕೇಳಿ ಪಡೆಯಬೇಕು ಎಂಬ ಎರಡು ಸಾಲಿನ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಕೊನೆಯ ರಾತ್ರಿ ನಾವು ಕೇಳುವುದನ್ನು ಮರೆತೆವು, ಕಾಲು ಬಾಟಲಿ ಹಡಗಿನಲ್ಲಿಯೇ ಉಳಿಯಿತು.

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ಗಾಂಧಿನಗರ, ಬಳ್ಳಾರಿ