ಪೇಸ್ಟಿನಲ್ಲಿ ಏನಿದೆ ಅಂತ ಕನ್ನಡದಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ನನ್ನ ತಂಗಿ ಈಗ ಐದು ತಿಂಗಳ ಬಸುರಿ. ಚೊಚ್ಚಲು. ಹೋದ ತಿಂಗಳು ನಮ್ಮ ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ಟೂತ್‌ಪೇಸ್ಟ್ ಟ್ಯೂಬಿನ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಅದು ಪೂರ್ತಿ ಕೆಮಿಕಲ್, ಹಸಿರು ಪಟ್ಟಿ ಇದ್ದರೆ ಪೂರ್ತಿ ನೈಸರ್ಗಿಕ, ಬಸುರಿಯರು ಕಪ್ಪು ಪಟ್ಟಿಯದನ್ನು ಮುಟ್ಟಲೇಬಾರದು ಅಂತ. ಅವಳು ಹೆದರಿ ಮನೆಯಲ್ಲಿದ್ದ ಪೇಸ್ಟ್ ಎಲ್ಲ ತಿಪ್ಪೆಗೆ ಎಸೆದಳು. ಇದ್ದಿಲು, ಉಪ್ಪು ಕುಟ್ಟಿ ಪುಡಿ ಮಾಡಿಕೊಂಡು ಬೆರಳಲ್ಲಿ ತಿಕ್ಕತೊಡಗಿದಳು. ಮೂರು ವಾರ ಆಗುವಷ್ಟರಲ್ಲಿ ವಸಡು ಊದಿ, ಉಗುಳಿದರೆ ರಕ್ತ.

ಆ ಪಟ್ಟಿಗೆ ಅಂಥ ಅರ್ಥ ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಅಂಟಿಸಬೇಕು ಅಂತ ಯಂತ್ರಕ್ಕೆ ತಿಳಿಯಲು ಹಾಕುವ ಗುರುತು ಅದು, ಅಷ್ಟೇ. ಹಲ್ಲಿನ ಡಾಕ್ಟರ್ ಹೇಳಿದ್ದು ಬೇರೆಯೇ. ಬಸುರಿನಲ್ಲಿ ಹಾರ್ಮೋನು ಏರುವುದರಿಂದ ಸ್ವಲ್ಪ ಕೊಳೆ ಕೂತರೂ ವಸಡು ಬೇಗ ಊದಿಕೊಳ್ಳುತ್ತದೆ, ಆಗ ಹಲ್ಲುಜ್ಜುವುದು ಬಿಡಬಾರದು, ಮೆತ್ತಗಿನ ಬ್ರಷ್‌ನಲ್ಲಿ ಇನ್ನೂ ಚೆನ್ನಾಗಿ ಉಜ್ಜಬೇಕು, ಒರಟು ಪುಡಿ ಹಾಕಿ ತಿಕ್ಕಿದರೆ ವಸಡೂ ಸವೆಯುತ್ತದೆ ಹಲ್ಲೂ ಸವೆಯುತ್ತದೆ ಅಂದರು. ಪೇಸ್ಟಿನ ಪುದೀನ ವಾಸನೆಗೆ ವಾಕರಿಕೆ ಬಂದರೆ ವಾಸನೆ ಕಮ್ಮಿ ಇರುವುದನ್ನು ತಗೊಳ್ಳಿ, ವಾಂತಿ ಆದ ತಕ್ಷಣ ಉಜ್ಜಬೇಡಿ, ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜಿ ಅಂತಲೂ ಹೇಳಿದರು.

ಹಾಗಾದರೆ ಯಾವ ಪೇಸ್ಟ್ ತಗೊಳ್ಳಬೇಕು? ತಂಗಿಯ ಜೊತೆ ಅಂಗಡಿಗೆ ಹೋದೆ. ಒಂದೊಂದೇ ಡಬ್ಬಿ ತಿರುಗಿಸಿ ನೋಡಿದೆವು. ಎಲ್ಲ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ನಾನು ಪಿಯುಸಿ ಓದಿದವಳು, ನನಗೇ ಕಷ್ಟ ಆಯಿತು. ಮುಂದೆ ಮಾತ್ರ ಎಲೆ, ಬೇರು, ಲವಂಗದ ಚಿತ್ರ ದೊಡ್ಡದಾಗಿ. ಹಿಂದೆ ಓದಿದರೆ ಅದರಲ್ಲೂ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇತ್ತು. ಇದು ಕೆಲವರಿಗೆ ಬಾಯಿಹುಣ್ಣು ಜಾಸ್ತಿ ಮಾಡುತ್ತದೆ. ಅಂಥವರು ಅದಿಲ್ಲದ ಪೇಸ್ಟ್ ಹುಡುಕಿಕೊಳ್ಳಬಹುದು. ಬ್ಯಾಕ್ಟೀರಿಯಾ ಕೊಲ್ಲುವ ಟ್ರೈಕ್ಲೋಸಾನ್ ಅನ್ನುವ ಕೆಮಿಕಲ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಹಾರ್ಮೋನಿನ ಕೆಲಸಕ್ಕೆ ಅಡ್ಡ ಬಂದದ್ದು ಕಂಡಿದೆ. ಅಮೆರಿಕದಲ್ಲಿ 2016ರಲ್ಲಿ ಕೈತೊಳೆಯುವ ಸೋಪುಗಳಲ್ಲಿ ಅದನ್ನು ಹಾಕಬಾರದು ಅಂತ ನಿಯಮ ಮಾಡಿದರು. ಪೇಸ್ಟಿನಿಂದ ಹೊಟ್ಟೆಯ ಕೂಸಿಗೆ ಕೆಡುಕಾಗುತ್ತದೆ ಅಂತ ಸಾಬೀತಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅದಿಲ್ಲದ ಪೇಸ್ಟ್ ಅದೇ ಬೆಲೆಗೆ ಸಿಗುವಾಗ ಇರುವುದನ್ನು ಯಾಕೆ ತಗೊಳ್ಳಬೇಕು ಅಲ್ವಾ?

ಇನ್ನು ಹಲ್ಲು ಹುಳುಕಾಗದಂತೆ ಪೇಸ್ಟಿಗೆ ಹಾಕುವ ಫ್ಲೋರೈಡ್. ನಮ್ಮದು ಪಾವಗಡ ತಾಲ್ಲೂಕು. ಈ ಹೆಸರು ಕೇಳಿದರೆ ನಮಗೆ ಭಯ ಆಗುವುದು ಸಹಜ. ಕೊಳವೆಬಾವಿ ನೀರು ಕುಡಿದು ಹಲ್ಲು ಕಂದಾದವರನ್ನು, ಮಂಡಿ ಮಡಿಸಲಾಗದವರನ್ನು ನೋಡುತ್ತಲೇ ಬೆಳೆದವರು ನಾವು. ಅದಕ್ಕೇ ಲೆಕ್ಕ ಹಾಕಿ ನೋಡಿದೆ. ನಮ್ಮ ದೇಶದಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ, ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ ದಾಟಬಾರದು, ಎಷ್ಟಿದೆ ಅಂತ ಟ್ಯೂಬಿನ ಮೇಲೆ ಬರೆದಿರಲೇಬೇಕು. ಬಟಾಣಿ ಕಾಳಿನಷ್ಟು, ಅಂದರೆ ಸುಮಾರು ಕಾಲು ಗ್ರಾಂ ಪೇಸ್ಟಿನಲ್ಲಿ ಇರುವುದು 0.25 ಮಿಲಿಗ್ರಾಂ. ಅದರಲ್ಲೂ ಹೆಚ್ಚಿನದನ್ನು ಉಗಿದುಬಿಡುತ್ತೇವೆ. ಕುಡಿಯುವ ನೀರಿಗೆ ಕೊನೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಂಥ ನೀರು ದಿನಕ್ಕೆ ಮೂರು ಲೀಟರ್ ಕುಡಿದರೆ 4.5 ಮಿಲಿಗ್ರಾಂ ಸೀದಾ ಹೊಟ್ಟೆಗೆ. ಮಿತಿ ಮೀರಿದ ಬಾವಿಯಾದರೆ ಕೇಳುವುದೇ ಬೇಡ. ಆ ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಹಾಗಾಗಿ ನಮ್ಮ ಕಡೆಯ ಬಸುರಿಯರು ಮೊದಲು ಕುಡಿಯುವ ನೀರನ್ನು ಬದಲಾಯಿಸಿಕೊಳ್ಳಬೇಕು, ಹುಳುಕು ತಡೆಯುವ ಪೇಸ್ಟನ್ನು ಸುಮ್ನೆ ಬಿಸಾಡಬಾರದು.

ಇಷ್ಟೆಲ್ಲ ಓದುವಾಗ ನನಗೆ ಇನ್ನೊಂದು ಚುರುಕ್ ಅಂತು. ಪೇಸ್ಟಿನ ಕೆಮಿಕಲ್ ಬಗ್ಗೆ ಇಷ್ಟು ಮೆಸೇಜ್ ಓಡಾಡುತ್ತವೆ, ನಶ್ಯದ ಬಗ್ಗೆ ಒಂದೂ ಇಲ್ಲ. ನಮ್ಮಲ್ಲಿ ನಶ್ಯ ಹಾಕಿ ಹಲ್ಲು ತಿಕ್ಕುವ ಹೆಂಗಸರು ಇನ್ನೂ ಇದ್ದಾರೆ. ಬೆಳಗಾವಿ ಕಡೆ ಮಿಶ್ರಿ ಅನ್ನುವ ಪುಡಿ ಹಾಕಿ ತಿಕ್ಕುತ್ತಾರೆ. ಹಲ್ಲುನೋವಿಗೆ ಒಳ್ಳೆಯದು ಅಂತ ಅತ್ತೆ ಸೊಸೆಗೆ ಕೊಡುತ್ತಾಳೆ, ಪ್ರೀತಿಯಿಂದಲೇ ಕೊಡುತ್ತಾಳೆ. ಎರಡೂ ತಂಬಾಕೇ. ಅದರ ನಿಕೋಟಿನ್ ವಸಡಿನಿಂದ ರಕ್ತಕ್ಕೆ ಸೇರಿ ಕೂಸನ್ನೂ ಮುಟ್ಟುತ್ತದೆ. ತೂಕ ಕಮ್ಮಿ ಇರುವ ಮಗು, ದಿನ ತುಂಬದ ಹೆರಿಗೆ, ಇವಕ್ಕೂ ಬಸುರಿಯರ ತಂಬಾಕು ಬಳಕೆಗೂ ನಂಟಿದೆ. ಪೇಸ್ಟಿನಲ್ಲಿ, ಹಲ್ಲುಪುಡಿಯಲ್ಲಿ ತಂಬಾಕು ಹಾಕಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ನಿಷೇಧ ಮಾಡಿದೆ. ಆದರೆ ನಶ್ಯದ ಡಬ್ಬಿ ಹಲ್ಲುಪುಡಿ ಅಂತ ಮಾರಾಟ ಆಗುವುದಿಲ್ಲವಲ್ಲ. ಬಸುರಿಗೆ ಬೇಡದ ಕೆಮಿಕಲ್ ಅಂತ ಒಂದನ್ನೇ ಹೆಸರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕು ಅಂತ ನಮ್ಮ ಸರ್ಕಾರ 2025ರಲ್ಲಿ ಆದೇಶ ಮಾಡಿದೆ. ಬರೀ ಹೆಸರು ಕನ್ನಡದಲ್ಲಿದ್ದರೆ ಸಾಲದು, ಪೇಸ್ಟಿನಲ್ಲಿ ಏನೇನು ಬೆರೆಸಿದ್ದಾರೆ ಅನ್ನುವ ಪಟ್ಟಿಯೂ ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ ಬರಲಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಲ್ಲಿ ಬಿಪಿ, ರಕ್ತ, ತೂಕ ನೋಡುವ ಹಾಗೆ ಒಮ್ಮೆ ಬಾಯಿ ತೆರೆಸಿ ವಸಡೂ ನೋಡಲಿ. "ಯಾವುದರಲ್ಲಿ ಹಲ್ಲುಜ್ಜುತ್ತೀಯಮ್ಮ?" ಅಂತ ಕೇಳಿ, ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯಲಿ.

ಇಂತಿ,
ಓದುಗರಲ್ಲೊಬ್ಬಳು, ಪಾವಗಡ ತಾಲ್ಲೂಕು