ಜೆ.ಸಿ. ರಸ್ತೆಯ ಆ ಯಜಮಾನರಿಗೆ

ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಕಿಟಕಿ ಗ್ಲಾಸ್ ಏರಿಸುವ ಮೆಷಿನ್ ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದೆ. ಹಳೇದರ ಹಲ್ಲು ಸವೆದಿತ್ತು. ಹಿಡಿ ತಿರುಗಿಸಿದರೆ ಕಟಕಟ ಸದ್ದು, ಅಷ್ಟೇ. ‘ಸಿಗಲ್ಲ ಸಾರ್, ಆ ಗಾಡೀನೇ ನಿಂತೋಯ್ತಲ್ಲ’ ಅಂತ ಎಲ್ಲ ಅಂಗಡಿಯವರೂ ಕೈ ಅಲ್ಲಾಡಿಸಿದರು.

ಟೀ ಅಂಗಡಿ ಮುಂದೆ ನೀವು ನನ್ನ ಕೈಯಲ್ಲಿದ್ದ ಹಳೇ ಮೆಷಿನ್ ನೋಡಿದಿರಿ. ‘ಇರಪ್ಪಾ’ ಅಂದು ಹೋದವರು ಅರ್ಧ ಗಂಟೆಗೆ ಪೇಪರಲ್ಲಿ ಸುತ್ತಿದ ಒಂದನ್ನು ತಂದಿರಿ. ಗ್ರೀಸ್ ಕೂಡ ಒಣಗಿರಲಿಲ್ಲ! ‘ಗ್ಲಾಸ್ ಜಾರುವ ಚಾನೆಲ್ ಒಳಗಿನ ಫೆಲ್ಟ್ ಪಟ್ಟಿ ಮೊದಲು ಬದಲಾಯಿಸು. ಗ್ಲಾಸ್ ಬಿಗಿಯಾದರೆ ಇದರ ಹಲ್ಲೂ ಹೋಗುತ್ತೆ’ ಅಂದಿರಿ. ದುಡ್ಡು ಬೇಡ ಅಂದು ಟೀ ಮಾತ್ರ ಕುಡಿದಿರಿ. ನಾನೋ, ಹೆಸರನ್ನೂ ಕೇಳಲಿಲ್ಲ.

ತುಂಬಾ ಥ್ಯಾಂಕ್ಸ್ ಯಜಮಾನರೇ. ನಿನ್ನೆ ಅಪ್ಪ ಲಾಲ್‌ಬಾಗ್‌ವರೆಗೂ ಕಿಟಕಿ ಮೇಲೆ ಮೊಣಕೈ ಇಟ್ಟುಕೊಂಡೇ ಗಾಡಿ ಓಡಿಸಿದರು.